ಗೇಮಿಂಗ್ ಮದರ್‌ಬೋರ್ಡ್

ಗೇಮಿಂಗ್ ಮದರ್‌ಬೋರ್ಡ್ ಎಂದರೆ ಕಂಪ್ಯೂಟರ್ ಆಟಗಳನ್ನು ಆಡುವ ಉದ್ದೇಶದಿಂದ ಜೋಡಿಸಲಾಗುವ ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಮುಖ್ಯ ಸರ್ಕ್ಯೂಟ್ ಫಲಕ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಸಂಗ್ರಹಣಾ ಸಾಧನಗಳು ಹಾಗೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಘಟಕ ಇವೆಲ್ಲವೂ ಈ ಫಲಕದ ಮೂಲಕವೇ ಒಂದಕ್ಕೊಂದು ಸಂಪರ್ಕ ಹೊಂದುತ್ತವೆ. ಮದರ್‌ಬೋರ್ಡನ್ನು ಕನ್ನಡದಲ್ಲಿ ಮಾತೃಫಲಕ ಎಂದೂ ಕರೆಯುವುದುಂಟು. ‘ಗೇಮಿಂಗ್’ ಎಂಬುದು ತಾಂತ್ರಿಕ ಮಾನದಂಡವಲ್ಲ. ತಯಾರಕರು ತಮ್ಮ ಕೆಲವು ಮಾದರಿಗಳಿಗೆ ಮಾರಾಟದ ಉದ್ದೇಶದಿಂದ ಕೊಡುವ ಹೆಸರು. ಆ ಹೆಸರಿಲ್ಲದ ಸಾಧಾರಣ ಫಲಕದಲ್ಲಿಯೂ ಆಟಗಳು ಸುಗಮವಾಗಿ ನಡೆಯಬಲ್ಲವು.

ಆಟವೊಂದರಲ್ಲಿ ಪ್ರತಿ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಫ್ರೇಮ್‌ಗಳ ಸಂಖ್ಯೆಯನ್ನು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್‌ಗಳು ನಿರ್ಧರಿಸುತ್ತವೆ. ಉಳಿದ ಭಾಗಗಳೆಲ್ಲ ಒಂದೇ ಆಗಿದ್ದು, ಎರಡೂ ಫಲಕಗಳು ಪ್ರೊಸೆಸರ್‌ಗೆ ಬೇಕಾದ ವಿದ್ಯುತ್ತನ್ನು ಸರಿಯಾಗಿ ಒದಗಿಸುತ್ತಿದ್ದರೆ, ಅಗ್ಗದ ಫಲಕಕ್ಕೂ ದುಬಾರಿ ಫಲಕಕ್ಕೂ ಫ್ರೇಮ್‌ಗಳ ಸಂಖ್ಯೆಯಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಮದರ್‌ಬೋರ್ಡ್ ನಿರ್ಧರಿಸುವ ವಿಷಯಗಳು ಬೇರೆ: ಯಾವ ಭಾಗಗಳನ್ನು ಜೋಡಿಸಬಹುದು, ಅವು ತಮ್ಮ ಪೂರ್ಣ ವೇಗವನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬಲ್ಲವು ಮತ್ತು ಕೆಲವು ವರ್ಷಗಳ ನಂತರ ಫಲಕವನ್ನು ಬದಲಿಸದೆ ಯಾವ ಭಾಗಗಳನ್ನು ಮೇಲ್ದರ್ಜೆಗೆ ಏರಿಸಬಹುದು.

ಹಿನ್ನೆಲೆ

1981ರಲ್ಲಿ ಬಿಡುಗಡೆಯಾದ ಐಬಿಎಂ ಪರ್ಸನಲ್ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿ ಐದು ವಿಸ್ತರಣಾ ಸ್ಲಾಟ್‌ಗಳಿದ್ದವು. ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕೂ ಅವುಗಳಲ್ಲೊಂದರಲ್ಲಿ ಪ್ರತ್ಯೇಕ ಕಾರ್ಡ್ ಕೂರಿಸಬೇಕಾಗಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಮಾನದಂಡವನ್ನು ಪ್ರಕಟಿಸಿತು. ಫಲಕದ ಅಳತೆ, ಸ್ಕ್ರೂ ರಂಧ್ರಗಳ ಸ್ಥಾನ, ಹಿಂಬದಿಯ ಪೋರ್ಟ್‌ಗಳ ಜಾಗ ಹಾಗೂ ವಿದ್ಯುತ್ ಸಂಪರ್ಕವನ್ನು ಇದು ನಿಗದಿಪಡಿಸಿತು. ಒಂದು ಸಂಸ್ಥೆಯ ಫಲಕವನ್ನು ಇನ್ನೊಂದು ಸಂಸ್ಥೆಯ ಕ್ಯಾಬಿನೆಟ್‌ನಲ್ಲಿ ಕೂರಿಸಿ, ಮೂರನೆಯದರ ಎಸ್‌ಎಂಪಿಎಸ್ ಜೋಡಿಸಲು ಇಂದಿಗೂ ಸಾಧ್ಯವಾಗಿರುವುದು ಇದೇ ಮಾನದಂಡದಿಂದ.

ಗ್ರಾಫಿಕ್ಸ್ ಕಾರ್ಡ್‌ಗಳಿಗೆಂದೇ 1997ರ ಸುಮಾರಿಗೆ ಎಜಿಪಿ ಸ್ಲಾಟ್ ಬಳಕೆಗೆ ಬಂದಿತು. 2004ರಿಂದ ಅದರ ಸ್ಥಾನವನ್ನು ಪಿಸಿಐ ಎಕ್ಸ್‌ಪ್ರೆಸ್ ಆಕ್ರಮಿಸಿತು. ಅದೇ ವರ್ಷ ಎನ್‌ವಿಡಿಯಾ ಸಂಸ್ಥೆಯು ಎರಡು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಒಟ್ಟಿಗೆ ದುಡಿಸುವ ಎಸ್‌ಎಲ್‌ಐ ವ್ಯವಸ್ಥೆಯನ್ನು ಪರಿಚಯಿಸಿದ್ದರಿಂದ, ಎರಡು ಮೂರು ಉದ್ದನೆಯ ಸ್ಲಾಟ್‌ಗಳಿರುವುದು ಗೇಮಿಂಗ್ ಫಲಕದ ಗುರುತಾಯಿತು. ಈಗ ಆಟಗಳಲ್ಲಿ ಆ ಪದ್ಧತಿ ಬಹುತೇಕ ಕೈಬಿಟ್ಟುಹೋಗಿದೆ. ಆದ್ದರಿಂದ ಒಂದೇ ಗ್ರಾಫಿಕ್ಸ್ ಕಾರ್ಡ್ ಬಳಸುವವರಿಗೆ ಹೆಚ್ಚುವರಿ ಸ್ಲಾಟ್‌ಗಳಿಂದ ಆಟದ ದೃಷ್ಟಿಯಲ್ಲಿ ಪ್ರಯೋಜನವಿಲ್ಲ.

ಚಿಲ್ಲರೆ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುವ ಏಸಸ್, ಗಿಗಾಬೈಟ್, ಎಂಎಸ್‌ಐ ಮತ್ತು ಎಎಸ್‌ರಾಕ್ ಈ ನಾಲ್ಕೂ ಸಂಸ್ಥೆಗಳ ಮುಖ್ಯ ಕಚೇರಿ ತೈವಾನ್‌ನಲ್ಲಿದೆ.

ಸಾಕೆಟ್ ಮತ್ತು ಚಿಪ್‌ಸೆಟ್

ಪ್ರೊಸೆಸರ್ ಕೂರುವ ಚೌಕಾಕಾರದ ಜಾಗವೇ ಸಾಕೆಟ್. ಎಎಂಡಿ ಪ್ರೊಸೆಸರ್‌ಗಾಗಿ ಮಾಡಿದ ಸಾಕೆಟ್‌ನಲ್ಲಿ ಇಂಟೆಲ್ ಪ್ರೊಸೆಸರ್ ಕೂರುವುದಿಲ್ಲ. ಒಂದೇ ಸಂಸ್ಥೆಯ ಬೇರೆ ಬೇರೆ ಪೀಳಿಗೆಗಳಿಗೂ ಬೇರೆ ಬೇರೆ ಸಾಕೆಟ್‌ಗಳಿವೆ. ಇತ್ತೀಚಿನ ಮುಖ್ಯ ಸಾಕೆಟ್‌ಗಳು ಇವು:

• ಎಎಂ4: ಎಎಂಡಿ ಸಂಸ್ಥೆಯದು, 1331 ಪಿನ್‌ಗಳು, ಡಿಡಿಆರ್4 ಮೆಮೊರಿ. ರೈಜೆನ್ 1000ದಿಂದ 5000 ಸರಣಿಯವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ.
• ಎಎಂ5: ಎಎಂಡಿ ಸಂಸ್ಥೆಯದು, 2022ರಲ್ಲಿ ಬಿಡುಗಡೆ, 1718 ಸಂಪರ್ಕ ಬಿಂದುಗಳು, ಡಿಡಿಆರ್5 ಮೆಮೊರಿ ಮಾತ್ರ. ರೈಜೆನ್ 7000, 8000 ಮತ್ತು 9000 ಸರಣಿಗಳಿಗೆ.
• ಎಲ್‌ಜಿಎ 1700: ಇಂಟೆಲ್ ಸಂಸ್ಥೆಯದು, 2021ರಲ್ಲಿ ಬಿಡುಗಡೆ, ಫಲಕದ ಮಾದರಿಗೆ ಅನುಗುಣವಾಗಿ ಡಿಡಿಆರ್4 ಅಥವಾ ಡಿಡಿಆರ್5. ಕೋರ್ ಪ್ರೊಸೆಸರ್‌ಗಳ 12, 13 ಮತ್ತು 14ನೆಯ ಪೀಳಿಗೆಗಳಿಗೆ.
• ಎಲ್‌ಜಿಎ 1851: ಇಂಟೆಲ್ ಸಂಸ್ಥೆಯದು, 2024ರಲ್ಲಿ ಬಿಡುಗಡೆ, ಡಿಡಿಆರ್5 ಮಾತ್ರ. ಕೋರ್ ಅಲ್ಟ್ರಾ 200 ಸರಣಿಗೆ.

ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲಿರುತ್ತವೆ. ಉಳಿದ ಮೂರರಲ್ಲಿ ಅವು ಫಲಕದ ಸಾಕೆಟ್‌ನೊಳಗಿರುವುದರಿಂದ, ಜೋಡಿಸುವಾಗ ಪಿನ್ ಬಾಗಿದರೆ ಹಾನಿಯಾಗುವುದು ಮದರ್‌ಬೋರ್ಡ್‌ಗೆ. ಹೊಸ ಫಲಕದ ಸಾಕೆಟ್ ಮೇಲೆ ಪ್ಲಾಸ್ಟಿಕ್ ಮುಚ್ಚಳವನ್ನು ಇಟ್ಟಿರುವುದು ಈ ಕಾರಣಕ್ಕಾಗಿಯೇ.

ಚಿಪ್‌ಸೆಟ್ ಎಂಬುದು ಯುಎಸ್‌ಬಿ, ಸಾಟಾ ಮತ್ತು ಹೆಚ್ಚುವರಿ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಗಳನ್ನು ಒದಗಿಸುವ ಸಹಾಯಕ ಚಿಪ್. ಫಲಕದ ಮಾದರಿಯ ಹೆಸರಿನಲ್ಲಿಯೇ ಇದರ ಸೂಚನೆ ಇರುತ್ತದೆ. ಇಂಟೆಲ್‌ನ ಎಚ್610, ಬಿ760 ಮತ್ತು ಝಡ್790; ಎಎಂಡಿಯ ಎ620, ಬಿ650 ಮತ್ತು ಎಕ್ಸ್670 ಇದಕ್ಕೆ ಉದಾಹರಣೆಗಳು. ಇಂಟೆಲ್ ಪ್ರೊಸೆಸರ್‌ನ ವೇಗವನ್ನು ನಿಗದಿತ ಮಟ್ಟಕ್ಕಿಂತ ಹೆಚ್ಚಿಸುವ ಓವರ್‌ಕ್ಲಾಕಿಂಗ್‌ಗೆ ‘ಝಡ್’ ಶ್ರೇಣಿಯ ಚಿಪ್‌ಸೆಟ್ ಹಾಗೂ ಹೆಸರಿನಲ್ಲಿ ‘ಕೆ’ ಅಕ್ಷರವಿರುವ ಪ್ರೊಸೆಸರ್ ಎರಡೂ ಬೇಕು. ಎಎಂಡಿಯಲ್ಲಿ ಮಧ್ಯಮ ದರದ ‘ಬಿ650’ ಚಿಪ್‌ಸೆಟ್‌ನಲ್ಲಿಯೂ ಈ ಸೌಲಭ್ಯವಿದೆ, ಎ620ರಲ್ಲಿ ಇಲ್ಲ. ಓವರ್‌ಕ್ಲಾಕಿಂಗ್ ಮಾಡುವ ಉದ್ದೇಶವಿಲ್ಲದವರಿಗೆ ‘ಬಿ’ ಶ್ರೇಣಿಯ ಫಲಕವೇ ಸಾಕಾಗುತ್ತದೆ.

ಸಾಕೆಟ್‌ನ ಬಾಳಿಕೆ

ಒಂದೇ ಸಾಕೆಟ್ ಎಷ್ಟು ಪೀಳಿಗೆಯ ಪ್ರೊಸೆಸರ್‌ಗಳಿಗೆ ಒಗ್ಗುತ್ತದೆ ಎಂಬುದರ ಮೇಲೆ ಮುಂದಿನ ವೆಚ್ಚ ನಿಂತಿರುತ್ತದೆ. 2017ರ ಮಾರ್ಚ್‌ನಲ್ಲಿ ಮೊದಲ ರೈಜೆನ್ ಪ್ರೊಸೆಸರ್‌ಗಳ ಜೊತೆ ಎಎಂ4 ಫಲಕ ಕೊಂಡ ಅನೇಕರು, 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಫಲಕದಲ್ಲಿ, ಅದೇ ರ‍್ಯಾಮ್‌ನೊಂದಿಗೆ ಬಳಸಲು ಸಾಧ್ಯವಾಯಿತು. ಬೇಕಾದದ್ದು ಬಯಾಸ್ ನವೀಕರಣ ಮಾತ್ರ.

ಆದರೆ ಇದು ತಾನಾಗಿ ದೊರೆತ ಸೌಲಭ್ಯವಲ್ಲ. ಬಿ450 ಮತ್ತು ಎಕ್ಸ್470 ಚಿಪ್‌ಸೆಟ್‌ಗಳಲ್ಲಿ ರೈಜೆನ್ 5000 ಸರಣಿ ಕೆಲಸ ಮಾಡುವುದಿಲ್ಲವೆಂದು 2020ರ ಮೇ ತಿಂಗಳಲ್ಲಿ ಎಎಂಡಿ ಪ್ರಕಟಿಸಿತ್ತು. ಬಳಕೆದಾರರಿಂದ ತೀವ್ರ ವಿರೋಧ ವ್ಯಕ್ತವಾದ ಬಳಿಕ ಅದೇ ತಿಂಗಳು ಆ ನಿರ್ಧಾರವನ್ನು ಹಿಂದೆಗೆದುಕೊಂಡಿತು. 2022ರಲ್ಲಿ 300 ಸರಣಿಯ ಚಿಪ್‌ಸೆಟ್‌ಗಳಿಗೂ ಆ ಬೆಂಬಲ ವಿಸ್ತರಣೆಯಾಯಿತು.

ಇಂಟೆಲ್‌ನ ಎಲ್‌ಜಿಎ 1151 ಇದಕ್ಕೆ ವಿರುದ್ಧವಾದ ಉದಾಹರಣೆ. 2015ರಲ್ಲಿ ಬಂದ ಈ ಸಾಕೆಟ್ 6 ಮತ್ತು 7ನೆಯ ಪೀಳಿಗೆಯ ಪ್ರೊಸೆಸರ್‌ಗಳಿಗೆ ಬಳಕೆಯಾಯಿತು. 2017ರ ಅಕ್ಟೋಬರ್‌ನಲ್ಲಿ ಬಂದ 8ನೆಯ ಪೀಳಿಗೆಯೂ ಅದೇ ಆಕಾರದ ಸಾಕೆಟ್‌ನಲ್ಲಿ ಕೂರುತ್ತಿತ್ತಾದರೂ, ಅದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಹೊಸ ಫಲಕ ಕಡ್ಡಾಯವಾಗಿತ್ತು. ಹೀಗಾಗಿ ಸಾಕೆಟ್‌ನ ಹೆಸರು ಹೊಂದಿಕೆಯಾದರೆ ಸಾಲದು. ಫಲಕದ ತಯಾರಕರು ತಮ್ಮ ಜಾಲತಾಣದಲ್ಲಿ ಕೊಡುವ ‘ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿ’ಯಲ್ಲಿ ನಿರ್ದಿಷ್ಟ ಮಾದರಿಯೂ ಅದಕ್ಕೆ ಬೇಕಾದ ಬಯಾಸ್ ಆವೃತ್ತಿಯೂ ಇರಬೇಕು. ಎಎಂ5 ಸಾಕೆಟ್‌ಗೆ 2027 ಹಾಗೂ ಅದರಾಚೆಗೂ ಬೆಂಬಲ ಮುಂದುವರಿಯುವುದೆಂದು ಎಎಂಡಿ 2024ರಲ್ಲಿ ತಿಳಿಸಿದೆ.

ಗಾತ್ರ

ಫಲಕದ ಅಳತೆಗೆ ತಕ್ಕಂತೆ ಕ್ಯಾಬಿನೆಟ್ ಇರಬೇಕಾಗುತ್ತದೆ. ಪ್ರಚಲಿತ ಅಳತೆಗಳು ಮೂರು:

• ಎಟಿಎಕ್ಸ್: 305 × 244 ಮಿ.ಮೀ. ಸಾಮಾನ್ಯವಾಗಿ ನಾಲ್ಕು ರ‍್ಯಾಮ್ ಸ್ಲಾಟ್‌ಗಳು ಮತ್ತು ಹಲವು ವಿಸ್ತರಣಾ ಸ್ಲಾಟ್‌ಗಳು.
• ಮೈಕ್ರೊ-ಎಟಿಎಕ್ಸ್: 244 × 244 ಮಿ.ಮೀ. ಎರಡು ಅಥವಾ ನಾಲ್ಕು ರ‍್ಯಾಮ್ ಸ್ಲಾಟ್‌ಗಳು.
• ಮಿನಿ-ಐಟಿಎಕ್ಸ್: 170 × 170 ಮಿ.ಮೀ. ಎರಡು ರ‍್ಯಾಮ್ ಸ್ಲಾಟ್‌ಗಳು, ಒಂದೇ ವಿಸ್ತರಣಾ ಸ್ಲಾಟ್. ಇದನ್ನು 2001ರಲ್ಲಿ ವಿಐಎ ಸಂಸ್ಥೆ ರೂಪಿಸಿತು.

ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಫಲಕವನ್ನು ಕೂರಿಸಬಹುದು. ಚಿಕ್ಕ ಕ್ಯಾಬಿನೆಟ್‌ನಲ್ಲಿ ದೊಡ್ಡ ಫಲಕ ಹಿಡಿಸುವುದಿಲ್ಲ. ಗಾತ್ರಕ್ಕೂ ಆಟದ ವೇಗಕ್ಕೂ ನೇರ ಸಂಬಂಧವಿಲ್ಲ. ಒಂದು ಗ್ರಾಫಿಕ್ಸ್ ಕಾರ್ಡ್ ಮತ್ತು ಒಂದೆರಡು ಎಸ್‌ಎಸ್‌ಡಿಗಳಿಗೆ ಮೈಕ್ರೊ-ಎಟಿಎಕ್ಸ್ ಸಾಕು. ಮಿನಿ-ಐಟಿಎಕ್ಸ್ ಫಲಕಗಳು ಚಿಕ್ಕವಾದರೂ, ಅಷ್ಟೇ ಸೌಲಭ್ಯಗಳನ್ನು ಕಡಿಮೆ ಜಾಗದಲ್ಲಿ ಅಳವಡಿಸಬೇಕಾದ್ದರಿಂದ ಸಾಮಾನ್ಯವಾಗಿ ಹೆಚ್ಚು ಬೆಲೆಯವಾಗಿರುತ್ತವೆ.

ವಿದ್ಯುತ್ ನಿಯಂತ್ರಣ ಭಾಗ

ಎಸ್‌ಎಂಪಿಎಸ್ ಘಟಕವು ಪ್ರೊಸೆಸರ್‌ಗಾಗಿ 12 ವೋಲ್ಟ್ ವಿದ್ಯುತ್ತನ್ನು ಕಳಿಸುತ್ತದೆ. ಆದರೆ ಪ್ರೊಸೆಸರ್ ಕೆಲಸ ಮಾಡುವುದು ಹೆಚ್ಚುಕಡಿಮೆ 1ರಿಂದ 1.4 ವೋಲ್ಟ್‌ನಲ್ಲಿ. ಈ ಇಳಿಕೆಯನ್ನು ಮಾಡುವುದು ಸಾಕೆಟ್‌ನ ಸುತ್ತಲಿರುವ ವಿಆರ್‌ಎಂ ಎಂಬ ವೋಲ್ಟೇಜ್ ನಿಯಂತ್ರಣ ಭಾಗ. ವೋಲ್ಟೇಜ್ ಇಳಿದಂತೆ ವಿದ್ಯುತ್ ಪ್ರವಾಹ ಹೆಚ್ಚಬೇಕಾಗುತ್ತದೆ: 1.2 ವೋಲ್ಟ್‌ನಲ್ಲಿ 120 ವ್ಯಾಟ್ ಬಳಸುವ ಪ್ರೊಸೆಸರ್‌ಗೆ 100 ಆಂಪಿಯರ್ ಪ್ರವಾಹ ಬೇಕು. ಇಷ್ಟು ಪ್ರವಾಹ ಹರಿಯುವಾಗ ವಿಆರ್‌ಎಂ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ರಕ್ಷಣೆಗಾಗಿ ಪ್ರೊಸೆಸರ್‌ನ ವೇಗ ತಗ್ಗುತ್ತದೆ. ಆಟ ಆರಂಭವಾದಾಗ ಸರಿಯಿದ್ದು, ಅರ್ಧ ಗಂಟೆಯ ನಂತರ ತಡವರಿಸತೊಡಗಿದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಈ ಹೊರೆಯನ್ನು ‘ಫೇಸ್’ ಎಂಬ ಸಮಾನಾಂತರ ಮಾರ್ಗಗಳು ಹಂಚಿಕೊಳ್ಳುತ್ತವೆ. ಫೇಸ್‌ಗಳ ಸಂಖ್ಯೆ ಮಾತ್ರವಲ್ಲದೆ, ಪ್ರತಿಯೊಂದರ ಸಾಮರ್ಥ್ಯವೂ ಅವುಗಳ ಮೇಲಿನ ಹೀಟ್‌ಸಿಂಕ್‌ನ ಗುಣಮಟ್ಟವೂ ಮುಖ್ಯ. ಅಗತ್ಯವು ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬಹಳ ಬದಲಾಗುತ್ತದೆ. ಇಂಟೆಲ್ ಕೋರ್ ಐ5-12400ರ ಗರಿಷ್ಠ ಟರ್ಬೊ ವಿದ್ಯುತ್ ಮಿತಿ 117 ವ್ಯಾಟ್. ಕೋರ್ ಐ9-14900ಕೆಯದು 253 ವ್ಯಾಟ್. ಮೊದಲನೆಯದಕ್ಕೆ ಸಾಧಾರಣ ಫಲಕ ಸಾಕಾದರೆ, ಎರಡನೆಯದನ್ನು ಹೀಟ್‌ಸಿಂಕ್ ಇಲ್ಲದ ಅಗ್ಗದ ಫಲಕದಲ್ಲಿ ಕೂರಿಸಿದರೆ ಪ್ರೊಸೆಸರ್‌ಗೆ ಕೊಟ್ಟ ಹಣದ ಪೂರ್ಣ ಫಲ ಸಿಗುವುದಿಲ್ಲ. ಕೋಣೆಯ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿಟ್ಟ ಫಲಕಕ್ಕೆ ತಂಪಾಗಲು ಇರುವ ಅವಕಾಶ ಕಡಿಮೆ.

ಮೆಮೊರಿ

ಡಿಡಿಆರ್4 ಮತ್ತು ಡಿಡಿಆರ್5 ಮಾಡ್ಯೂಲ್‌ಗಳೆರಡರಲ್ಲಿಯೂ 288 ಸಂಪರ್ಕಗಳಿದ್ದರೂ ಅವುಗಳ ನಡುವಣ ಕಚ್ಚಿನ ಸ್ಥಾನ ಬೇರೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಎಲ್‌ಜಿಎ 1700 ಸಾಕೆಟ್‌ನ ಫಲಕಗಳು ಎರಡೂ ಬಗೆಯಲ್ಲಿ ದೊರೆಯುವುದರಿಂದ, ಹಳೆಯ ರ‍್ಯಾಮ್ ಮರುಬಳಸಲು ಬಯಸುವವರು ಮಾದರಿಯ ಹೆಸರನ್ನು ಪೂರ್ತಿ ಓದಬೇಕಾಗುತ್ತದೆ.

ಒಂದೇ ಮಾಡ್ಯೂಲ್ ಬದಲು ಎರಡನ್ನು ಜೋಡಿಯಾಗಿ ಹಾಕಿದಾಗ ಮೆಮೊರಿಯು ಎರಡು ವಾಹಿನಿಗಳಲ್ಲಿ ಕೆಲಸ ಮಾಡುತ್ತದೆ. ದತ್ತಾಂಶ ಸಾಗುವ ದಾರಿ ಇಮ್ಮಡಿಯಾಗುತ್ತದೆ. ನಾಲ್ಕು ಸ್ಲಾಟ್‌ಗಳಿರುವ ಫಲಕಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದಾಗ ಬರುವ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳು ಇದಕ್ಕೆ ಸೂಕ್ತ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್‌ಗಳನ್ನು ತುಂಬಿದರೆ ವೇಗ ಇಳಿಯುತ್ತದೆ. ರೈಜೆನ್ 7000 ಸರಣಿಗೆ ಎರಡು ಮಾಡ್ಯೂಲ್‌ಗಳಿದ್ದಾಗ ಅಧಿಕೃತ ವೇಗ 5200, ನಾಲ್ಕಿದ್ದಾಗ 3600. ಆದ್ದರಿಂದ ಬೇಕಾದ ಸಾಮರ್ಥ್ಯವನ್ನು ಎರಡೇ ಮಾಡ್ಯೂಲ್‌ಗಳಲ್ಲಿ ಪಡೆಯುವುದು ಲೇಸು.

ಪೊಟ್ಟಣದ ಮೇಲೆ 6000 ಎಂದು ನಮೂದಿಸಿದ ಡಿಡಿಆರ್5 ಮೆಮೊರಿಯು ಕೂರಿಸಿದ ಕೂಡಲೇ ಆ ವೇಗದಲ್ಲಿ ನಡೆಯುವುದಿಲ್ಲ. 4800ರಂತಹ ಮೂಲ ವೇಗದಲ್ಲಿಯೇ ಉಳಿದಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೊ ಎಂಬ ಆಯ್ಕೆಯನ್ನು ಬಳಕೆದಾರರೇ ಚಾಲನೆಗೊಳಿಸಬೇಕು. ಎಚ್610ನಂತಹ ಆರಂಭಿಕ ದರ್ಜೆಯ ಚಿಪ್‌ಸೆಟ್‌ಗಳಲ್ಲಿ ಮೆಮೊರಿಯ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ. ಅಂತಹ ಫಲಕಕ್ಕೆ ವೇಗದ ರ‍್ಯಾಮ್ ಕೊಳ್ಳುವುದು ವ್ಯರ್ಥ.

ಗ್ರಾಫಿಕ್ಸ್ ಕಾರ್ಡ್ ಸ್ಲಾಟ್

ಗ್ರಾಫಿಕ್ಸ್ ಕಾರ್ಡ್ 16 ಪಥಗಳ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲಿ ಕೂರುತ್ತದೆ. ಈ 16 ಪಥಗಳಲ್ಲಿ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸಾಗಬಹುದಾದ ದತ್ತಾಂಶವು 3.0 ಆವೃತ್ತಿಯಲ್ಲಿ ಸುಮಾರು 16 ಗಿಗಾಬೈಟ್, 4.0ರಲ್ಲಿ 32 ಮತ್ತು 5.0ರಲ್ಲಿ 63 ಗಿಗಾಬೈಟ್. ಆವೃತ್ತಿಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಹೊಸ ಕಾರ್ಡ್ ಹಳೆಯ ಸ್ಲಾಟ್‌ನಲ್ಲಿ ಹಳೆಯ ವೇಗದಲ್ಲಿ ಕೆಲಸ ಮಾಡುತ್ತದೆ. ಎಲ್ಲ 16 ಪಥಗಳನ್ನೂ ಬಳಸುವ ಕಾರ್ಡ್‌ಗಳಿಗೆ ಇದರಿಂದಾಗುವ ನಷ್ಟ ಸಾಮಾನ್ಯವಾಗಿ ಅಲ್ಪ.

ನಷ್ಟ ಹೆಚ್ಚಾಗಿ ತಟ್ಟುವುದು ಅಗ್ಗದ ಕಾರ್ಡ್‌ಗಳಿಗೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಮತ್ತು ಎಎಂಡಿಯ ಆರ್‌ಎಕ್ಸ್ 7600 ಕಾರ್ಡ್‌ಗಳು 8 ಪಥಗಳನ್ನಷ್ಟೇ ಬಳಸುತ್ತವೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಕೇವಲ 4 ಪಥಗಳನ್ನು ಬಳಸುತ್ತದೆ. 4 ಗಿಗಾಬೈಟ್ ಮೆಮೊರಿಯ ಈ ಕೊನೆಯ ಕಾರ್ಡನ್ನು 3.0 ಆವೃತ್ತಿಯ ಹಳೆಯ ಫಲಕದಲ್ಲಿ ಹಾಕಿದಾಗ ಹಲವು ಆಟಗಳಲ್ಲಿ ವೇಗ ಗಣನೀಯವಾಗಿ ಕುಸಿಯುತ್ತದೆ. ಹಳೆಯ ಕಂಪ್ಯೂಟರ್‌ಗೆ ಕಡಿಮೆ ಬೆಲೆಯ ಕಾರ್ಡ್ ಸೇರಿಸುವವರೇ ಈ ತೊಡಕಿಗೆ ಸಿಲುಕುತ್ತಾರೆ.

ಇಂಟೆಲ್‌ನ ಆರ್ಕ್ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಫಲಕದಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿರುವುದು ಅವಶ್ಯ. ಕಾರ್ಡ್‌ನ ಸಂಪೂರ್ಣ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪುವಂತೆ ಮಾಡುವ ಈ ವ್ಯವಸ್ಥೆ ಇಲ್ಲದಿದ್ದರೆ ಅವುಗಳ ಸಾಮರ್ಥ್ಯ ಬಹಳ ಇಳಿಯುತ್ತದೆ.

ಸಂಗ್ರಹಣೆ

ಇಂದಿನ ಫಲಕಗಳಲ್ಲಿ ಎಸ್‌ಎಸ್‌ಡಿಗಳಿಗಾಗಿ ಎಂ.2 ಸ್ಲಾಟ್‌ಗಳಿರುತ್ತವೆ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ 2280 ಅಳತೆಯೇ ಹೆಚ್ಚು ಬಳಕೆಯಲ್ಲಿದೆ. ಸಾಟಾ ಮೂಲಕ ಜೋಡಿಸಿದ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗೆ ಸೀಮಿತ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗಳು ಪಿಸಿಐ ಎಕ್ಸ್‌ಪ್ರೆಸ್ 4.0ರಲ್ಲಿ ಸುಮಾರು 7000 ಮೆಗಾಬೈಟ್‌ವರೆಗೆ ತಲುಪುತ್ತವೆ. ಆಟ ತೆರೆದುಕೊಳ್ಳುವ ಸಮಯದಲ್ಲಿ ಈ ಅಂತರ ಅಂಕಿಗಳಷ್ಟು ದೊಡ್ಡದಾಗಿ ಕಾಣುವುದಿಲ್ಲ. ಕೆಲವು ಫಲಕಗಳಲ್ಲಿ ನಿರ್ದಿಷ್ಟ ಎಂ.2 ಸ್ಲಾಟ್ ತುಂಬಿದಾಗ ಒಂದೆರಡು ಸಾಟಾ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳುವವರಿಗೆ ಇದರ ವಿವರ ಫಲಕದ ಕೈಪಿಡಿಯಲ್ಲಿ ದೊರೆಯುತ್ತದೆ.

ಬಯಾಸ್ ಮತ್ತು ಸುರಕ್ಷತೆ

ಕಂಪ್ಯೂಟರ್ ಚಾಲೂ ಆದಾಗ ಮೊದಲು ಓಡುವ ತಂತ್ರಾಂಶಕ್ಕೆ ಇಂದು ಯುಇಎಫ್‌ಐ ಎಂಬ ಹೆಸರಿದ್ದರೂ ಬಳಕೆಯಲ್ಲಿ ಬಯಾಸ್ ಎಂಬ ಹಳೆಯ ಹೆಸರೇ ಉಳಿದಿದೆ. ಅಂಗಡಿಯಲ್ಲಿ ಬಹುದಿನ ಉಳಿದ ಫಲಕದಲ್ಲಿ ಹಳೆಯ ಬಯಾಸ್ ಇದ್ದರೆ ಹೊಸ ಪ್ರೊಸೆಸರ್ ಅದರಲ್ಲಿ ಚಾಲೂ ಆಗುವುದೇ ಇಲ್ಲ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸಲು ನೆರವಾಗುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಫಲಕಗಳಲ್ಲಿ ಈ ತೊಂದರೆ ಸುಲಭವಾಗಿ ಪರಿಹಾರವಾಗುತ್ತದೆ.

ಬಯಾಸ್‌ನ ವೋಲ್ಟೇಜ್ ಹೊಂದಿಕೆಗಳು ಪ್ರೊಸೆಸರ್‌ನ ಆಯುಷ್ಯಕ್ಕೂ ಸಂಬಂಧಿಸಿವೆ. 2023ರಲ್ಲಿ ಕೆಲವು ಎಎಂ5 ಫಲಕಗಳಲ್ಲಿ ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಪ್ರಕರಣಗಳು ವರದಿಯಾದವು. ಬಳಿಕ ಬಂದ ಬಯಾಸ್ ನವೀಕರಣಗಳು ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಿದವು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆಟಗಳು ಅರ್ಧದಲ್ಲೇ ನಿಂತುಹೋಗುವ ಅಸ್ಥಿರತೆ ಕಂಡುಬಂದಿತು. ಅಧಿಕ ವೋಲ್ಟೇಜ್ ಇದಕ್ಕೆ ಕಾರಣವೆಂದು ತಿಳಿಸಿದ ಇಂಟೆಲ್, ಆಗಸ್ಟ್‌ನಿಂದ ಮೈಕ್ರೊಕೋಡ್ ತಿದ್ದುಪಡಿಗಳನ್ನು ಮದರ್‌ಬೋರ್ಡ್ ತಯಾರಕರ ಬಯಾಸ್ ನವೀಕರಣಗಳ ಮೂಲಕ ಒದಗಿಸಿತು. ಬಾಧಿತ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾನಿಗೊಂಡ ಪ್ರೊಸೆಸರನ್ನು ನವೀಕರಣದಿಂದ ಸರಿಪಡಿಸಲಾಗದು. ಆದ್ದರಿಂದ ಈ ಪೀಳಿಗೆಗಳನ್ನು ಬಳಸುವವರು ಮೊದಲ ದಿನವೇ ಇತ್ತೀಚಿನ ಬಯಾಸ್ ಅಳವಡಿಸುವುದು ಅಗತ್ಯ. ತಯಾರಕರು ಎಷ್ಟು ವರ್ಷ ನವೀಕರಣ ಕೊಡುತ್ತಾರೆಂಬುದೂ ಆಯ್ಕೆಯ ಅಂಶವಾಗುತ್ತದೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಹಾಗೂ ಸೆಕ್ಯೂರ್ ಬೂಟ್ ಸೌಲಭ್ಯಗಳು ಬೇಕು. ವ್ಯಾಲೊರಂಟ್ ಆಟವು ವಿಂಡೋಸ್ 11ರಲ್ಲಿ ಇವೆರಡೂ ಚಾಲನೆಯಲ್ಲಿರುವುದನ್ನು ಕಡ್ಡಾಯಗೊಳಿಸಿದೆ. ಇತ್ತೀಚಿನ ಫಲಕಗಳಲ್ಲಿ ಇವು ಇರುತ್ತವೆ, ಬಯಾಸ್‌ನಲ್ಲಿ ಚಾಲನೆಗೊಳಿಸಬೇಕಾಗಬಹುದು.

ಜಾಲ, ಧ್ವನಿ ಮತ್ತು ಇತರ ಸಂಪರ್ಕಗಳು

ಫಲಕಗಳಲ್ಲಿ ಸಾಮಾನ್ಯವಾಗಿ 1 ಅಥವಾ 2.5 ಗಿಗಾಬಿಟ್ ವೇಗದ ಈಥರ್ನೆಟ್ ಇರುತ್ತದೆ. ಬಹುಜನರ ಆಟಗಳಲ್ಲಿ ಗಣನೆಗೆ ಬರುವುದು ಈ ಗರಿಷ್ಠ ವೇಗಕ್ಕಿಂತ ಸಂಕೇತ ಹೋಗಿಬರಲು ಹಿಡಿಯುವ ಸಮಯ. ಅದು ಹೆಚ್ಚಾಗಿ ಅಂತರ್ಜಾಲ ಸೇವೆ ಮತ್ತು ಸರ್ವರ್‌ನ ದೂರವನ್ನು ಅವಲಂಬಿಸುತ್ತದೆ. ವೈಫೈ ಬೇಕಿದ್ದವರು ಅದಿರುವ ಮಾದರಿಯನ್ನೇ ಆರಿಸಬೇಕು. ಒಂದೇ ಫಲಕವು ವೈಫೈ ಇರುವ ಮತ್ತು ಇಲ್ಲದ ಎರಡು ರೂಪಗಳಲ್ಲಿ ಮಾರಾಟವಾಗುವುದು ಸಾಮಾನ್ಯ. ಬಣ್ಣದ ದೀಪಗಳು ಹಾಗೂ ಅಲಂಕಾರದ ಹೊದಿಕೆಗಳು ಬೆಲೆಯನ್ನು ಏರಿಸುತ್ತವೆಯೇ ಹೊರತು ಆಟದ ವೇಗವನ್ನಲ್ಲ.

ಆಯ್ಕೆಯ ಕ್ರಮ

ಮದರ್‌ಬೋರ್ಡನ್ನು ಮೊದಲು ಆರಿಸಿ ಉಳಿದವನ್ನು ಅದಕ್ಕೆ ಹೊಂದಿಸುವುದಕ್ಕಿಂತ, ಆಡಬೇಕಾದ ಆಟಗಳಿಗೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರನ್ನು ಮೊದಲು ನಿರ್ಧರಿಸುವುದು ಸೂಕ್ತ ಕ್ರಮ. ಆನಂತರ ಆ ಪ್ರೊಸೆಸರ್‌ಗೆ ಸಾಕಾಗುವ ವಿಆರ್‌ಎಂ, ಬೇಕಾದ ರ‍್ಯಾಮ್ ಬಗೆ, ಎಂ.2 ಸ್ಲಾಟ್‌ಗಳು ಮತ್ತು ಕ್ಯಾಬಿನೆಟ್‌ಗೆ ಹೊಂದುವ ಅಳತೆ ಇರುವ ಫಲಕಗಳಲ್ಲಿ ಕಡಿಮೆ ಬೆಲೆಯದನ್ನು ಆರಿಸಬಹುದು. ಹೀಗೆ ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿಸಿದಾಗ ಆಟದಲ್ಲಿ ಕಾಣುವ ಪ್ರಯೋಜನ ಹೆಚ್ಚು. ಆದರೆ ಈ ಉಳಿತಾಯ ಪ್ರೊಸೆಸರ್‌ನ ವಿದ್ಯುತ್ ಅಗತ್ಯಕ್ಕಿಂತ ಕೆಳಗಿಳಿಯಬಾರದು.

ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ಫಲಕ ಕೊಳ್ಳುವಾಗ ಮಾದರಿಯ ಪೂರ್ಣ ಹೆಸರು ಹಾಗೂ ಸರಣಿ ಸಂಖ್ಯೆ ನಮೂದಾದ ಬಿಲ್ಲು ಪಡೆಯುವುದು ವಾರಂಟಿಯ ದೃಷ್ಟಿಯಿಂದ ಮುಖ್ಯ. ಬಳಸಿದ ಫಲಕವನ್ನು ಕೊಳ್ಳುವಾಗ ಸಾಕೆಟ್‌ನ ಪಿನ್‌ಗಳು ಬಾಗಿಲ್ಲದಿರುವುದನ್ನೂ ಎಲ್ಲ ರ‍್ಯಾಮ್ ಸ್ಲಾಟ್‌ಗಳು ಕೆಲಸ ಮಾಡುತ್ತಿರುವುದನ್ನೂ ಕೆಪಾಸಿಟರ್‌ಗಳು ಉಬ್ಬಿಲ್ಲದಿರುವುದನ್ನೂ ಪರಿಶೀಲಿಸಬೇಕಾಗುತ್ತದೆ.

ಇವನ್ನೂ ನೋಡಿ

• ಮದರ್‌ಬೋರ್ಡ್
• ಗ್ರಾಫಿಕ್ಸ್ ಕಾರ್ಡ್
• ಕೇಂದ್ರೀಯ ಸಂಸ್ಕರಣಾ ಘಟಕ
• ಪಿಸಿಐ ಎಕ್ಸ್‌ಪ್ರೆಸ್